ಶರಣಬಸಪ್ಪ ಅರ್ಧಕ್ಕೇ ನಿಂತ ಕಥೆ

ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ, ಹಿಂದೆ ಯಾರೋ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಂ ಚೀಲದ ಚೀಟಿ ಮುದ್ರಿಸುತ್ತಿತ್ತು. ರೈತರ ಹೆಸರನ್ನು ಏಳು ಅಕ್ಷರಕ್ಕೆ ಕತ್ತರಿಸುವ ಸಾಲೊಂದು ಅದರಲ್ಲಿತ್ತು. 'ಶರಣಬಸಪ್ಪ' ಎಂದಿರಬೇಕಾದ ಕಡೆ 'ಶರಣಬಸಪ್' ಬರುತ್ತಿತ್ತು.

ನಮ್ಮ ಎಣಿಕೆಯಲ್ಲಿ ಆ ಹೆಸರು ಆರೇ ಅಕ್ಷರ. ಆದರೆ ಪೈಥಾನ್‌ನ ಉದ್ದ ಅಳೆಯುವ ಅಂತರ್ಗತ 'ಲೆನ್' ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ಅಂದರೆ ಪ್ರತಿ ಮೂಲಾಕ್ಷರಕ್ಕೂ ಚಿಹ್ನೆಗೂ ಕಂಪ್ಯೂಟರಿನಲ್ಲಿರುವ ಸಂಖ್ಯೆಗಳನ್ನು. 'ಪ್ಪ'ದೊಳಗಿನ ಎರಡು 'ಪ'ಗಳೂ ಅವನ್ನು ಬೆಸೆಯುವ ಹಲಂತ ಚಿಹ್ನೆಯೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬಂದು ಎಂಟಾಗುತ್ತದೆ.

ಮೊದಲು ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ 'ರೆಜೆಕ್ಸ್' ಎಂಬ ಹೊರಗಿನ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಕಟ್ಟು) ಹಾಕಿ ನೋಡಿದೆ. ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸುವ ಅದರ 'ಬ್ಯಾಕ್‌ಸ್ಲ್ಯಾಷ್ ಎಕ್ಸ್' ಗುರುತು ಗುಣಿತಾಕ್ಷರಗಳನ್ನು ಚೆನ್ನಾಗಿ ಹಿಡಿಯುತ್ತದೆ. ಒತ್ತಕ್ಷರವನ್ನು ಮಾತ್ರ 'ಪ್' ಮತ್ತು 'ಪ' ಎಂದು ಒಡೆಯಿತು. ಕೊನೆಗೆ ಜೋಡಣೆಯನ್ನು ನಾನೇ ಬರೆಯಬೇಕೆಂದಾದರೆ, ಅಂತರ್ಜಾಲವಿಲ್ಲದ ಅಂಗಡಿಯ ಕಂಪ್ಯೂಟರಿಗೆ ಲೈಬ್ರರಿಯನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತರುವುದೇಕೆ?

ಪ್ರತಿ ಸಂಕೇತ ಯಾವ ವರ್ಗದ್ದೆಂದು ಹೇಳುವ, ಪೈಥಾನ್ ಜೊತೆಗೇ ಬರುವ 'ಯುನಿಕೋಡ್‌ಡೇಟಾ' ಸಾಕಾಯಿತು. ಸಂಕೇತದ ವರ್ಗ 'ಎಂ'ನಿಂದ ಆರಂಭವಾದರೆ (ಗುಣಿತದ ಚಿಹ್ನೆ, ಹಲಂತಗಳಂಥ ಅಂಟು ಚಿಹ್ನೆಗಳ ವರ್ಗ), ಅಥವಾ ಹಿಂದಿನದು ಹಲಂತ ಚಿಹ್ನೆಯಾಗಿದ್ದರೆ, ಅದನ್ನು ಹಿಂದಿನ ತುಂಡಿಗೇ ಸೇರಿಸುವ ಪುಟ್ಟ ಫಂಕ್ಷನ್ ಬರೆದೆ. ಕತ್ತರಿಸುವುದು ಈಗ ಆ ತುಂಡುಗಳ ಲೆಕ್ಕದಲ್ಲಿ.

ಹೆಸರು ಪೂರ್ತಿ ಬರುತ್ತಿದೆ. ಅಕ್ಷರ ತೀರಾ ಸಣ್ಣದೆಂಬುದು ಹಮಾಲರ ತಕರಾರು. ಅದು ಬೇರೆ ಕೆಲಸ.