ಕೋ-ಆಪ್ ಮುಚ್ಚಿದರೂ ಪಾಠ ನಿಲ್ಲದಿರಲು: ಸಾಂಕ್ರಾಮಿಕದ ಕಾಲದಲ್ಲಿ ಹೋಮ್‌ಸ್ಕೂಲಿಂಗ್

2020ರ ಆಗಸ್ಟ್‌ನಲ್ಲಿ ನನ್ನ ಮಗಳು ಎರಡನೆಯ ತರಗತಿಗೂ ಮಗ ಐದನೆಯ ತರಗತಿಗೂ ಹೋಗಬೇಕಿತ್ತು. ಟೆಕ್ಸಸ್‌ನ ಡಲ್ಲಾಸ್ ಬಳಿಯ ನಮ್ಮ ಊರಿನಲ್ಲಿ ನಾವು ಇಬ್ಬರನ್ನೂ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದೆವು. ಆ ವರ್ಷ ಅಮೆರಿಕದಲ್ಲಿ ಈ ದಾರಿ ಹಿಡಿದವರು ಬಹಳ ಮಂದಿ. ಜನಗಣತಿ ಇಲಾಖೆಯ ಸಮೀಕ್ಷೆಯಂತೆ, ಶಾಲಾ ವಯಸ್ಸಿನ ಮಕ್ಕಳಿರುವ ಮನೆಗಳ ಪೈಕಿ ಹೋಮ್‌ಸ್ಕೂಲಿಂಗ್ ನಡೆಸುತ್ತಿದ್ದವು ವಸಂತದಲ್ಲಿ ಶೇ. 5.4ರಷ್ಟಿದ್ದರೆ, ಶರತ್ಕಾಲದ ಹೊತ್ತಿಗೆ ಶೇ. 11.1ರಷ್ಟಾದವು. ಹೀಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಯಾವ ಪುಸ್ತಕ ಕೊಳ್ಳಬೇಕು ಎಂಬುದಾಗಿತ್ತು, ಎರಡನೆಯದು ಯಾವ ಕೋ-ಆಪ್, ಅಂದರೆ ಕುಟುಂಬಗಳು ಸೇರಿ ಮಕ್ಕಳಿಗೆ ಕಲಿಸುವ ಕೂಟ, ಸೇರಬೇಕು ಎಂಬುದು. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬಿಡಿಸಲು ಹೋದವರು ಮಧ್ಯದಲ್ಲಿ ಸಿಕ್ಕಿಕೊಂಡರು ಎಂಬುದು ನನ್ನ ಅನುಭವ. ಕೋ-ಆಪ್ ಯಾವ ವಾರ ಬೇಕಾದರೂ ಮುಚ್ಚಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಪಠ್ಯವನ್ನು ಆರಿಸಿಕೊಂಡರೆ ಮಾತ್ರ ವರ್ಷ ದಡ ಸೇರುತ್ತದೆ. ಮತ್ತೊಮ್ಮೆ ಅಂಥ ಕಾಲ ಬಂದರೆ ಇಲ್ಲಿನ ಕನ್ನಡದ ಕುಟುಂಬಗಳಿಗೆ ಕೈಗೆಟುಕಲಿ ಎಂದು, ನಾವು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೋ-ಆಪ್ ಎಂದರೆ, ಮನೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲವು ಕುಟುಂಬಗಳು ವಾರಕ್ಕೊಂದೆರಡು ದಿನ ಒಂದೆಡೆ ಸೇರಿ, ತಂದೆತಾಯಂದಿರೇ ತಮಗೆ ಚೆನ್ನಾಗಿ ಬರುವ ವಿಷಯವನ್ನು ಎಲ್ಲರ ಮಕ್ಕಳಿಗೂ ಹೇಳಿಕೊಡುವ ಏರ್ಪಾಡು. ನಮ್ಮದರಲ್ಲಿ ಐದು ಕನ್ನಡದ ಮನೆಗಳಿದ್ದವು, ಐದರಿಂದ ಹನ್ನೆರಡು ವರ್ಷದೊಳಗಿನ ಹನ್ನೊಂದು ಮಕ್ಕಳಿದ್ದರು.

ಮೊದಲು ಕಾನೂನಿನ ಕೆಲಸ

ಶಾಲೆ ಕಳಿಸುವ ಆನ್‌ಲೈನ್ ಪಾಠವನ್ನು ಮನೆಯಲ್ಲಿ ಕೂತು ಕೇಳುವುದು ಹೋಮ್‌ಸ್ಕೂಲಿಂಗ್ ಆಗುವುದಿಲ್ಲ. ಅಲ್ಲಿ ಹಾಜರಿ, ಪಠ್ಯ, ಪರೀಕ್ಷೆ ಎಲ್ಲವೂ ಶಾಲೆಯದೇ. ಹೋಮ್‌ಸ್ಕೂಲಿಂಗ್‌ನಲ್ಲಿ ಆ ಹೊಣೆಯೆಲ್ಲ ಪೋಷಕರ ಮೇಲೆ ಬೀಳುತ್ತದೆ, ಮತ್ತು ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಲೀಪರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಂತೆ ಮನೆಯ ಶಾಲೆಯೂ ಖಾಸಗಿ ಶಾಲೆಯೇ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಎಂಬ ಐದು ವಿಷಯಗಳನ್ನು ಪ್ರಾಮಾಣಿಕವಾಗಿ, ಬರಹದ ರೂಪದ ಪಠ್ಯವಿಟ್ಟುಕೊಂಡು ಕಲಿಸಿದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಸ್ವಂತವಾಗಿ ಕಲಿಸುವವರು ಸಾಮಾನ್ಯವಾಗಿ ಪ್ರತಿವರ್ಷ ಅಕ್ಟೋಬರ್ 1ರಿಂದ 15ರೊಳಗೆ ಖಾಸಗಿ ಶಾಲೆಯ ಪ್ರಮಾಣಪತ್ರ ಸಲ್ಲಿಸುತ್ತಾರೆ. ನ್ಯೂಯಾರ್ಕಿನಲ್ಲಿ ಬೋಧನಾ ಯೋಜನೆ, ಮೂರು ತಿಂಗಳಿಗೊಮ್ಮೆ ವರದಿ, ವರ್ಷಕ್ಕೊಮ್ಮೆ ಮೌಲ್ಯಮಾಪನ ಎಲ್ಲವೂ ಬೇಕು. ಆದ್ದರಿಂದ ಬೇರೆ ರಾಜ್ಯದಲ್ಲಿರುವ ತಂಗಿಯೋ ಗೆಳತಿಯೋ ಮಾಡಿದ್ದನ್ನು ಕೇಳಿ ಹಾಗೆಯೇ ಮಾಡಬೇಡಿ.

ಮಗು ಈಗಾಗಲೇ ಸರ್ಕಾರಿ ಶಾಲೆಯಲ್ಲಿದ್ದರೆ, ಬಿಡಿಸುತ್ತಿದ್ದೇವೆ ಎಂದು ಬರಹದಲ್ಲಿ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಸುಮ್ಮನೆ ಕಳಿಸದೆ ಬಿಟ್ಟರೆ ಗೈರುಹಾಜರಿಯ ತಕರಾರು ಬರುತ್ತದೆ. ಮಗು ಶಾಲೆಯ ಮೂಲಕ ಸ್ಪೀಚ್ ಥೆರಪಿಯಂಥ ಸೇವೆ ಪಡೆಯುತ್ತಿದ್ದರೆ, ಬಿಡಿಸಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಬಿಡಿಸುವುದಕ್ಕೆ ಮುಂಚೆಯೇ ಕೇಳಿ.

ಯಾವ ವಿಷಯ ಮನೆಯಲ್ಲಿ, ಯಾವುದು ಕೂಟದಲ್ಲಿ

ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ, ಒಂದು ವಾರ ತಪ್ಪಿದರೂ ಮಗು ಹಿಂದೆ ಬೀಳುವ ವಿಷಯಗಳನ್ನು ಬರೆಯಿರಿ. ಬಲಗಡೆ, ಇತರ ಮಕ್ಕಳಿಲ್ಲದೆ ಕಳೆಗಟ್ಟದ ವಿಷಯಗಳನ್ನು ಬರೆಯಿರಿ. ನಮ್ಮ ಹಾಳೆಯಲ್ಲಿ ಗಣಿತ, ಇಂಗ್ಲಿಷ್ ಓದು ಮತ್ತು ಬರವಣಿಗೆ ಎಡಕ್ಕೆ ಬಂದವು. ವಿಜ್ಞಾನದ ಪ್ರಯೋಗ, ನಾಟಕ, ಚರ್ಚೆ, ಕನ್ನಡದ ಮಾತು ಬಲಕ್ಕೆ ಹೋದವು. ಎಡಗಡೆಯ ಯಾವ ವಿಷಯವನ್ನೂ ಕೋ-ಆಪ್‌ಗೆ ಒಪ್ಪಿಸಬೇಡಿ. ನಮಗೆ ಪರಿಚಯವಿದ್ದ ಬೇರೊಂದು ಕೂಟದಲ್ಲಿ ಎಂಜಿನಿಯರ್ ತಂದೆಯೊಬ್ಬರು ಎಲ್ಲ ಮಕ್ಕಳಿಗೂ ಗಣಿತ ಕಲಿಸುವ ಹೊಣೆ ಹೊತ್ತಿದ್ದರು. ನವೆಂಬರ್‌ನಲ್ಲಿ ಅವರ ಮನೆಯಲ್ಲೇ ಕೋವಿಡ್ ಬಂದಾಗ ಆರು ಮಕ್ಕಳ ಗಣಿತ ತಿಂಗಳುಗಟ್ಟಲೆ ನಿಂತುಹೋಯಿತು, ಏಕೆಂದರೆ ಉಳಿದ ಯಾವ ಮನೆಯಲ್ಲೂ ಆ ಪುಸ್ತಕವೇ ಇರಲಿಲ್ಲ.

ಹಣದ ವಿಷಯದಲ್ಲೂ ಇದೇ ಎಚ್ಚರ ಬೇಕು. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟುವ ಬದಲು ಖರ್ಚನ್ನು ತಿಂಗಳ ಲೆಕ್ಕದಲ್ಲಿ ಹಂಚಿಕೊಳ್ಳಿ. ಮಧ್ಯದಲ್ಲಿ ಮುಚ್ಚಿದರೆ ಉಳಿದ ಹಣ ಮತ್ತು ಸಾಮಗ್ರಿ ಯಾರಿಗೆ ಎಂಬುದನ್ನು ಆರಂಭದಲ್ಲೇ ಮಾತನಾಡಿಕೊಳ್ಳಿ.

ಮನೆ ಮನೆಗಳ ನಡುವಿನ ಒಪ್ಪಂದ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಐದು ಮನೆಗಳು ಸೇರಿದರೆ ಐದು ಬಗೆಯ ಭಯಗಳೂ ಸೇರುತ್ತವೆ. ಒಂದು ಮನೆಯಲ್ಲಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಇನ್ನೊಂದರಲ್ಲಿ ತಾಯಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಮನೆಯಲ್ಲಿ, ಫೆಬ್ರವರಿಯಲ್ಲಿ ಬಂದು ವಿಮಾನಗಳು ನಿಂತು ಊರಿಗೆ ಹಿಂತಿರುಗಲಾಗದೆ ಉಳಿದ ಅತ್ತೆ ಮಾವ ಇದ್ದರು. ಮಾವನಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬೇರೆ. ಯಾರ ಮನೆಯಲ್ಲಿ ಅಪಾಯ ಹೆಚ್ಚಿದೆಯೋ ಆ ಮನೆಯ ಅಳತೆಯೇ ಎಲ್ಲರ ಅಳತೆಯಾಗಬೇಕು ಎಂಬುದು ನಮ್ಮ ಮೊದಲ ಒಪ್ಪಂದವಾಯಿತು. ಇದು ಒಪ್ಪಿಗೆಯಾಗದ ಕುಟುಂಬ ಸೇರದಿರುವುದೇ ಮೇಲು, ಅದರಲ್ಲಿ ಸ್ನೇಹಕ್ಕೆ ಕುಂದೇನೂ ಇಲ್ಲ.

ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಬರೆಯಿರಿ, ಒಂದು ಪುಟಕ್ಕೆ ಮೀರದಿರಲಿ. ಜ್ವರ ಬಂದ ಮಗು ಔಷಧಿಯಿಲ್ಲದೆ ಜ್ವರ ಬಿಟ್ಟು ಎಷ್ಟು ಗಂಟೆಯ ಮೇಲೆ ಬರಬಹುದು, ಮನೆಯವರಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಆ ಕುಟುಂಬ ಎಷ್ಟು ದಿನ ದೂರವಿರಬೇಕು, ಕೂಟ ಪೂರ್ತಿ ನಿಲ್ಲುವುದು ಯಾವಾಗ, ಮತ್ತೆ ತೆರೆಯುವ ತೀರ್ಮಾನ ಯಾರದು ಎಂಬಿಷ್ಟು ಅದರಲ್ಲಿರಲಿ. ಆರು ವಾರಕ್ಕೊಮ್ಮೆ ಅದನ್ನು ಮತ್ತೆ ಓದಿ ತಿದ್ದುವ ದಿನವನ್ನೂ ಗೊತ್ತುಮಾಡಿ, ಏಕೆಂದರೆ ತಿಳಿವಳಿಕೆಯೇ ಬದಲಾಗುತ್ತಿರುತ್ತದೆ. ಆರಡಿಯೊಳಗೆ ಹದಿನೈದು ನಿಮಿಷ ಎಂಬ ನಿಕಟ ಸಂಪರ್ಕದ ಅಳತೆಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ (CDC) 2020ರ ಅಕ್ಟೋಬರ್‌ನಲ್ಲಿ ಬದಲಿಸಿ, ಒಂದು ದಿನದಲ್ಲಿ ಬಿಡಿಬಿಡಿಯಾಗಿ ಕಳೆದ ನಿಮಿಷಗಳನ್ನೂ ಕೂಡಿಸಬೇಕು ಎಂದಿತು. ಹದಿನಾಲ್ಕು ದಿನದ ಕ್ವಾರಂಟೈನ್‌ಗೆ ಡಿಸೆಂಬರ್‌ನಲ್ಲಿ ಹತ್ತು ದಿನದ ಮತ್ತು, ಪರೀಕ್ಷೆ ಮಾಡಿಸಿದರೆ, ಏಳು ದಿನದ ಆಯ್ಕೆಗಳನ್ನು ಸೇರಿಸಿತು. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಲಸಿಕೆ ಸಿಕ್ಕಿದ್ದು 2021ರ ನವೆಂಬರ್‌ನಲ್ಲಿ. ಪ್ರತಿಸಲವೂ ನಮ್ಮ ಪುಟ ಬದಲಾಯಿತು.

ನಮ್ಮ ಮೊದಲ ಪುಟದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅಕ್ಟೋಬರ್‌ನಲ್ಲಿ ಒಂದು ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಬೇರೆ ಊರಿನಿಂದ ನೆಂಟರು ಬಂದು ಒಳಗೇ ಊಟ ಮಾಡಿದ್ದರು. ಅದು ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಮಕ್ಕಳ ಬಾಯಿಂದ. ಆ ವೇಳೆಗೆ ಕೂಟ ಒಮ್ಮೆ ಸೇರಿಯೂ ಆಗಿತ್ತು. ಯಾರಿಗೂ ಕಾಯಿಲೆ ಬರಲಿಲ್ಲ, ಆದರೆ ಎರಡು ವಾರ ಕೂಟ ನಿಂತಿತು, ಮಾತುಗಳು ಬಿಗಿದವು. ಆಮೇಲೆ ಆ ತಾಯಿಯೊಡನೆ ಕೂತು ಮಾತನಾಡಿದಾಗ ಗೊತ್ತಾಯಿತು: ಹೇಳಿದರೆ ತಮ್ಮ ಮಗುವನ್ನು ಮಾತ್ರ ಹೊರಗಿಡುತ್ತಾರೆ, ಅವಳು ಅಳುತ್ತಾಳೆ ಎಂಬ ಸಂಕಟದಿಂದ ಅವರು ಸುಮ್ಮನಿದ್ದರು. ನಿಯಮವೇ ಅವರನ್ನು ಮುಚ್ಚಿಡುವಂತೆ ಮಾಡಿತ್ತು. ಆ ದಿನ ನಾವು ಪುಟದ ಮೇಲುಗಡೆ ಒಂದು ಸಾಲು ಸೇರಿಸಿದೆವು: ಹೇಳಿದವರನ್ನು ಯಾರೂ ಆಕ್ಷೇಪಿಸಕೂಡದು, ಮತ್ತು ದೂರ ಉಳಿಯಬೇಕಾದ ಮಗುವಿಗಾಗಿ ಆ ವಾರದ ಕೂಟ ಇಡಿಯಾಗಿ ವಿಡಿಯೋದಲ್ಲಿ ನಡೆಯಬೇಕು. ಒಬ್ಬರೇ ಹೊರಗೆ ಉಳಿಯುವ ಸ್ಥಿತಿ ತಪ್ಪಿದ ಮೇಲೆ ಮುಚ್ಚಿಡುವ ಕಾರಣವೂ ತಪ್ಪಿತು.

ಕೇಳುವ ಮುಜುಗರವನ್ನು ತಪ್ಪಿಸಲು ಇನ್ನೊಂದು ಉಪಾಯವಿದೆ. "ಹೋದ ವಾರ ಯಾರ ಮನೆಗೆ ಹೋಗಿದ್ರಿ?" ಎಂದು ಒಬ್ಬರನ್ನೇ ಕೇಳಿದರೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ಅದರ ಬದಲು ಭಾನುವಾರ ಸಂಜೆ ಏಳಕ್ಕೆ ಎಲ್ಲರೂ ವಾಟ್ಸಾಪ್‌ನಲ್ಲಿ ಅದೇ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ: ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ, ಹೊರಗಿನವರು ಮನೆಯೊಳಗೆ ಬಂದಿದ್ದರೇ, ಪ್ರಯಾಣವಿತ್ತೇ, ಮುಂದಿನ ವಾರ ಅಂಥದ್ದೇನಾದರೂ ಇದೆಯೇ. ಮೊದಲ ಉತ್ತರವನ್ನು ಪ್ರತಿವಾರ ಬೇರೆ ಬೇರೆ ಮನೆಯವರು ಹಾಕಲಿ.

ಸೇರುವ ಜಾಗ

ಸಾಧ್ಯವಾದಷ್ಟೂ ಬಯಲಿನಲ್ಲಿ ಸೇರಿ. ಟೆಕ್ಸಸ್‌ನ ಆಗಸ್ಟ್ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಮಕ್ಕಳನ್ನು ಹೊರಗೆ ಕೂರಿಸಲಾಗದು. ಆದ್ದರಿಂದ ನಾವು ಬೆಳಗ್ಗೆ ಏಳೂವರೆಗೇ ಪಾರ್ಕಿನ ಓಕ್ ಮರದಡಿ ಚಾಪೆ ಹಾಸುತ್ತಿದ್ದೆವು, ಒಂದೊಂದು ಮನೆಗೆ ಒಂದೊಂದು ಚಾಪೆ. ಮಕ್ಕಳಿಗೆ ಆರಡಿ ಎಂದರೆ ಅರ್ಥವಾಗುವುದಿಲ್ಲ, ಚಾಪೆಯ ಅಂಚು ಅರ್ಥವಾಗುತ್ತದೆ.

ಒಳಗೆ ಸೇರಲೇಬೇಕಾದರೆ ಕಿಟಕಿ ತೆರೆದಿರಲಿ. ಎರಡನೆಯ ಚಳಿಗಾಲಕ್ಕೆ ನಾವು ಕೋಣೆಯ ಗಾಳಿಯನ್ನು ಶೋಧಿಸುವ ಕೋರ್ಸಿ-ರೊಸೆಂತಾಲ್ ಪೆಟ್ಟಿಗೆ ಮಾಡಿಕೊಂಡೆವು. ಸಣ್ಣ ಕಣಗಳನ್ನೂ ಹಿಡಿಯುವ ಮರ್ವ್-13 (MERV-13) ದರ್ಜೆಯ ಇಪ್ಪತ್ತು ಇಂಚಿನ ನಾಲ್ಕು ಚೌಕ ಫಿಲ್ಟರ್‌ಗಳನ್ನು ಗೋಡೆಗಳಂತೆ ನಿಲ್ಲಿಸಿ, ತಳಕ್ಕೆ ರಟ್ಟು ಕೊಟ್ಟು, ಮೇಲೆ ಇಪ್ಪತ್ತು ಇಂಚಿನ ಬಾಕ್ಸ್ ಫ್ಯಾನನ್ನು ಗಾಳಿ ಮೇಲಕ್ಕೆ ಹೋಗುವಂತೆ ಇಟ್ಟು, ಸಂದುಗಳನ್ನೆಲ್ಲ ಡಕ್ಟ್ ಟೇಪಿನಿಂದ ಮುಚ್ಚಬೇಕು. ಫಿಲ್ಟರಿನ ಮೇಲಿನ ಬಾಣದ ಗುರುತು ಒಳಮುಖವಾಗಿರಬೇಕು. ಮಕ್ಕಳೇ ಇದನ್ನು ಕಟ್ಟಿದ್ದರಿಂದ ಆ ವಾರದ ವಿಜ್ಞಾನದ ಪಾಠವೂ ಅದೇ ಆಯಿತು.

ಪಠ್ಯದ ಆಯ್ಕೆ

ಪುಸ್ತಕ ಕೊಳ್ಳುವ ಮೊದಲು ಮಗು ಎಲ್ಲಿದೆ ಎಂದು ನೋಡಿ. ಗಣಿತದ ಹಲವು ಪ್ರಕಾಶಕರು ಹಂತ ನಿರ್ಧರಿಸುವ ಪರೀಕ್ಷೆಯನ್ನು ಉಚಿತವಾಗಿ ಕೊಡುತ್ತಾರೆ. ನನ್ನ ಮಗ ಐದನೆಯ ತರಗತಿಯವನಾದರೂ ಭಿನ್ನರಾಶಿಯಲ್ಲಿ ಎಡವುತ್ತಿದ್ದ, ಅಲ್ಲಿಂದಲೇ ಶುರುಮಾಡಿದೆವು. ತರಗತಿಯ ಸಂಖ್ಯೆಗೆ ಅಂಟಿಕೊಂಡಿದ್ದರೆ ವರ್ಷವಿಡೀ ಜಗಳವಾಗುತ್ತಿತ್ತು. ಶಾಲೆ ಬಿಟ್ಟ ಮೊದಲ ಎರಡು ಮೂರು ವಾರ ಪೂರ್ಣ ವೇಳಾಪಟ್ಟಿ ಹಾಕದೆ, ಓದು ಮತ್ತು ಗಣಿತ ಎರಡನ್ನೇ ನಡೆಸಿ. ಪ್ರಾಥಮಿಕ ತರಗತಿಗೆ ದಿನಕ್ಕೆ ಎರಡು ಮೂರು ಗಂಟೆಯ ಕೂತು ಮಾಡುವ ಪಾಠ ಸಾಕು, ಏಕೆಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಕಾಯುವುದಕ್ಕೆ ಹೋಗುವ ಸಮಯ ಮನೆಯಲ್ಲಿ ಉಳಿಯುತ್ತದೆ.

ಮುಖ್ಯ ವಿಷಯಗಳಿಗೆ ಕಾಗದದ ಪುಸ್ತಕವೇ ಇರಲಿ. ಖಾನ್ ಅಕಾಡೆಮಿಯ ಆನ್‌ಲೈನ್ ಪಾಠಗಳು ಉಚಿತ ಮತ್ತು ಒಳ್ಳೆಯವು, ನಾವೂ ಬಳಸಿದೆವು. ಆದರೆ 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಸ್‌ನಲ್ಲಿ ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ಆ ದಿನಗಳಲ್ಲಿ ನಮ್ಮ ಮಕ್ಕಳು ಕಂಬಳಿ ಹೊದ್ದು, ಟಾರ್ಚಿನ ಬೆಳಕಿನಲ್ಲಿ ಲೆಕ್ಕ ಮಾಡಿದ್ದು ಪುಸ್ತಕ ಎದುರಿಗಿದ್ದುದರಿಂದಲೇ.

ಕೂಟದಲ್ಲಿ ಐದು ವರ್ಷದವರನ್ನೂ ಹನ್ನೆರಡು ವರ್ಷದವರನ್ನೂ ಒಟ್ಟಿಗೆ ಕೂರಿಸಿ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಕರ್ನಾಟಕದ ನಲಿ-ಕಲಿಯಿಂದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ ಹುಟ್ಟಿದ್ದೇ ಒಬ್ಬ ಶಿಕ್ಷಕರ ಎದುರು ಹಲವು ತರಗತಿಯ ಮಕ್ಕಳು ಕೂರುವ ಹಳ್ಳಿಯ ಶಾಲೆಗಳಿಗಾಗಿ. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಇಡುತ್ತಾರೆ. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲವರು ಶಿಕ್ಷಕರ ಬಳಿ, ಕೆಲವರು ಗೆಳೆಯರ ನೆರವಿನಿಂದ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಎರಡು ವಾರ ಬಾರದ ಮಗು ಹಿಂತಿರುಗಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕ್ವಾರಂಟೈನ್‌ನ ಕಾಲಕ್ಕೆ ಇದಕ್ಕಿಂತ ಹೊಂದುವ ಏರ್ಪಾಡನ್ನು ನಾನು ಕಾಣೆ.

ಕನ್ನಡ ಕಲಿಸಲು ನಾವು ಅದನ್ನೇ ಅನುಸರಿಸಿದೆವು. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ, ಮೊದಲಿಗೆ ರ, ಗ, ಸ, ದ, ಅ ಬರುತ್ತವೆ. ಈ ಐದೇ ಅಕ್ಷರಗಳಿಂದ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಮೊದಲ ವಾರದಲ್ಲೇ ಓದುತ್ತದೆ. ದಪ್ಪ ಕಾಗದವನ್ನು ಕತ್ತರಿಸಿ ಪ್ರತಿ ಮನೆಗೂ ಒಂದೊಂದು ಕಟ್ಟು ಕಾರ್ಡು ಮಾಡಿಕೊಟ್ಟೆವು, ಹಂಚಿಕೊಂಡು ಮುಟ್ಟುವ ಅಗತ್ಯ ಬರಲಿಲ್ಲ. ದೊಡ್ಡ ಮಕ್ಕಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡೆವು.

ಊರಿನಲ್ಲಿರುವ ಅಜ್ಜ ಅಜ್ಜಿಯರನ್ನೂ ಪಠ್ಯದಲ್ಲಿ ಸೇರಿಸಿಕೊಳ್ಳಿ, ಆದರೆ ಹರಟೆಗೆ ಬಿಡದೆ ದಿನ ಮತ್ತು ಹೊತ್ತು ಗೊತ್ತುಮಾಡಿ. ಟೆಕ್ಸಸ್‌ನಲ್ಲಿ ಬೇಸಿಗೆಯ ಬೆಳಗ್ಗೆ ಏಳು ಎಂದರೆ ಊರಿನಲ್ಲಿ ಸಂಜೆ ಐದೂವರೆ. ನನ್ನ ಅಮ್ಮ ಶಿವಮೊಗ್ಗದಲ್ಲಿ ಹೂ ಕಟ್ಟುತ್ತಾ ಫೋನಿನ ಮುಂದೆ ಕೂತರೆ, ಮಗಳು ಇಲ್ಲಿ ಹಾಲಿನ ಲೋಟ ಹಿಡಿದು ಕಾರ್ಡಿನ ಪದಗಳನ್ನು ಓದಿ ಒಪ್ಪಿಸುತ್ತಿದ್ದಳು. "ಗರಗಸ ಅಂದ್ರೇನಜ್ಜಿ?" ಎಂದಾಗ ಅಮ್ಮ ಫೋನನ್ನು ಹಿತ್ತಲಿಗೆ ಒಯ್ದು, ಅಪ್ಪನ ಗರಗಸವನ್ನೇ ಗೋಡೆಯಿಂದ ಇಳಿಸಿ ತೋರಿಸಿದರು. ಕೂಟ ನಿಂತಿದ್ದ ವಾರಗಳಲ್ಲಿಯೂ ಈ ಪಾಠ ಒಂದು ದಿನವೂ ತಪ್ಪಲಿಲ್ಲ.

ಕೊನೆಯದಾಗಿ, ಒಂದು ಫೈಲು ಇಡಿ. ಶಾಲೆಗೆ ಕಳಿಸಿದ ಪತ್ರದ ಪ್ರತಿ, ಬಳಸಿದ ಪುಸ್ತಕಗಳ ಪಟ್ಟಿ, ತಿಂಗಳಿಗೆ ಪ್ರತಿ ವಿಷಯದ ಒಂದೆರಡು ಹಾಳೆ, ಕೂಟದಲ್ಲಿ ಮಾಡಿದ ಪ್ರಯೋಗಗಳ ದಿನಾಂಕ ಅದರಲ್ಲಿರಲಿ. ನಿಮ್ಮ ರಾಜ್ಯ ಕೇಳದಿದ್ದರೂ ಇದು ಬೇಕಾಗುತ್ತದೆ. ಮಗುವನ್ನು ಮತ್ತೆ ಶಾಲೆಗೆ ಸೇರಿಸುವಾಗ ಯಾವ ತರಗತಿಗೆ ಎಂಬುದನ್ನು ಶಾಲೆಯವರು ಪರೀಕ್ಷೆ ಮಾಡಿ ನಿರ್ಧರಿಸಬಹುದು, ಆಗ ಏನು ಕಲಿಸಿದಿರಿ ಎಂಬ ಪ್ರಶ್ನೆ ಬಂದರೆ ಆ ಫೈಲನ್ನೇ ಮೇಜಿನ ಮೇಲಿಡಿ.