ಟ್ಯೂಬಿಂಗನ್‌ನಲ್ಲಿ ಬುಧವಾರದ ಊಟ, ಗುರುವಾರದ ಬೈಬಲ್

ನಾನು ಕಾರವಾರದವಳು. ಜರ್ಮನಿಯ ಒಂದು ಯೂನಿವರ್ಸಿಟಿ ಊರಿನಲ್ಲಿ ವಿದ್ಯಾರ್ಥಿಗಳ ನಡುವೆ ಮಿಷನ್ ಕೆಲಸ ಮಾಡಿದೆ ಎಂದರೆ ಕೋಡಿಬಾಗದಲ್ಲಿ ಜನ ಮೊದಲು ನಗುತ್ತಾರೆ. ‘ಅವರು ಇಲ್ಲಿಗೆ ಬರೋದಲ್ವಾ, ನಾವು ಅಲ್ಲಿಗೆ ಹೋಗೋದಾ?’ ಅಂತ. ನಗುವುದಕ್ಕೆ ಕಾರಣವೂ ಇದೆ. ನಾನಿದ್ದ ಊರು ಟ್ಯೂಬಿಂಗನ್. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಮಿಷನರಿ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಅಂಥ ಊರಿಗೆ ಕಾಳಿ ನದಿ ದಡದವಳು ಹೋಗಿ ಮಿಷನ್ ಮಾಡಿದೆ ಎಂದರೆ ಯಾರಿಗಾದರೂ ನಗು ಬರುತ್ತದೆ.

ಆದರೆ ನಮ್ಮ ಕರಾವಳಿಗೆ ಇದು ಪೂರ್ತಿ ಹೊಸದೂ ಅಲ್ಲ. ಗೋವಾದ ಸಂತ ಜೋಸೆಫ್ ವಾಜ್ 1680ರ ದಶಕದಲ್ಲಿ ಕೆನರಾದಲ್ಲಿ ಮಿಷನ್ ಕೆಲಸಕ್ಕೆ ಓಡಾಡಿದವರು. ಆಮೇಲೆ 1687ರಲ್ಲಿ ಕೂಲಿಯವರ ವೇಷದಲ್ಲಿ ಶ್ರೀಲಂಕೆಗೆ ಹೋದರು. ನಾನು ಹೋದದ್ದು ಮಾತ್ರ ಯಾವ ವೇಷವೂ ಇಲ್ಲದೆ, ಸ್ಟೂಡೆಂಟ್ ವೀಸಾದಲ್ಲಿ, ಕಂಪ್ಯೂಟರ್ ವಿಷಯದಲ್ಲಿ ಮಾಸ್ಟರ್ಸ್ ಮಾಡಲು. ನನ್ನನ್ನು ಯಾವ ಮಿಷನ್ ಸಂಸ್ಥೆಯೂ ಕಳಿಸಿರಲಿಲ್ಲ. ಸಂಬಳವೂ ಇರಲಿಲ್ಲ.

ಜರ್ಮನಿಯ ಹೆಚ್ಚಿನ ಯೂನಿವರ್ಸಿಟಿ ಊರುಗಳಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿ ಸಮುದಾಯ ಇರುತ್ತದೆ. ಕೆಎಚ್‌ಜಿ ಅಂತ ಕರೆಯುತ್ತಾರೆ. ಪ್ರೊಟೆಸ್ಟೆಂಟರದ್ದು ಇಎಸ್‌ಜಿ. ಸುವಾರ್ತೆ ಸಾರುವುದರಲ್ಲಿ ಇನ್ನೂ ಹುರುಪಿನ ಗುಂಪು ಎಸ್‌ಎಂಡಿ, 1949ರಿಂದ ಇದೆ. ನಾನು ಕ್ಯಾಥೊಲಿಕ್ ಆದ್ದರಿಂದ ಕೆಎಚ್‌ಜಿಗೆ ಹೋದೆ. ಅಲ್ಲಿ ವಿದ್ಯಾರ್ಥಿಗಳ ಫಾದರ್ ಇದ್ದರು, ಒಂದು ಅಡುಗೆಮನೆ ಇತ್ತು, ಜನ ಕಡಿಮೆ ಇದ್ದರು. ಅಲ್ಲಿಯ ಚರ್ಚು ಖಾಲಿಯಾಗುತ್ತಿರುವುದು ಗುಟ್ಟೇನಲ್ಲ. 2022 ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಕ್ಯಾಥೊಲಿಕ್ ಚರ್ಚಿನಿಂದ ಹೆಸರು ತೆಗೆಸಿದರು. ಅದೇ ಹೊತ್ತಿಗೆ ಹೊರದೇಶದ ವಿದ್ಯಾರ್ಥಿಗಳು ತುಂಬಿಕೊಳ್ಳುತ್ತಿದ್ದರು. 2022-23ರ ಚಳಿಗಾಲದ ಸೆಮಿಸ್ಟರಿನಲ್ಲಿ ಭಾರತದವರು ಚೀನಾದವರನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದರು. ಮರುವರ್ಷ ನಮ್ಮವರೇ 49,000ಕ್ಕೂ ಹೆಚ್ಚು.

ಈ ಮಕ್ಕಳಿಗೆ ಮೊದಲು ಬೇಕಾದದ್ದು ದೇವರ ಮಾತಲ್ಲ. ಶನಿವಾರ ರಾತ್ರಿ ಬಂದಿಳಿದ ಹುಡುಗನಿಗೆ ಭಾನುವಾರ ಅಂಗಡಿಯೇ ತೆರೆದಿರುವುದಿಲ್ಲ. ರೂಮು ಸಿಕ್ಕಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಾದ ಕೆಲವೇ ದಿನಕ್ಕೆ ಜರ್ಮನ್‌ನಲ್ಲಿ ಒಂದು ಕಾಗದ ಬರುತ್ತದೆ. ರೇಡಿಯೊ-ಟಿವಿ ಶುಲ್ಕ, ಮನೆಗೆ ತಿಂಗಳಿಗೆ 18.36 ಯೂರೊ. ಟಿವಿಯೇ ಇಲ್ಲದವನಿಗೂ ಬರುತ್ತದೆ. ಇದು ಯಾವುದೋ ಮೋಸ ಅಂದುಕೊಂಡು ಕಸದ ಬುಟ್ಟಿಗೆ ಹಾಕಿದವರು, ಪೊಲೀಸ್ ಕೇಸ್ ಅಂದುಕೊಂಡು ಅತ್ತವರು, ಇಬ್ಬರನ್ನೂ ನೋಡಿದ್ದೇನೆ. ನಾಲ್ಕು ಜನ ಒಟ್ಟಿಗಿದ್ದರೆ ಒಬ್ಬರು ಕಟ್ಟಿದರೆ ಸಾಕು ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಮಿಷನ್ ಕೆಲಸದ ಮೊದಲ ಭಾಗ ಈ ಕಾಗದಗಳನ್ನು ಓದಿ ಹೇಳುವುದು. ಬೈಬಲ್ ತೆರೆದದ್ದಕ್ಕಿಂತ ಜಾಸ್ತಿ ಸಲ ಆ ಲಕೋಟೆಗಳನ್ನು ತೆರೆದಿದ್ದೇನೆ.

ಬುಧವಾರ ಸಂಜೆ ಊಟ ಇಟ್ಟುಕೊಂಡೆವು. ಯಾರು ಬೇಕಾದರೂ ಬರಬಹುದು. ದನ, ಹಂದಿ ಎರಡೂ ಇಲ್ಲ. ಒಂದು ಅಡುಗೆ ಪೂರ್ತಿ ಸಸ್ಯಾಹಾರ ಇರಲೇಬೇಕು. ಬಾಗಿಲ ಪಕ್ಕ ಒಂದು ಡಬ್ಬಿ, ಹಾಕುವವರು ಹಾಕಲಿ. ಶುರುವಿನಲ್ಲಿ ನಾನೇ ಅನ್ನ, ಬೇಳೆ, ಎಲೆಕೋಸಿನ ಪಲ್ಯ ಮಾಡುತ್ತಿದ್ದೆ. ಊರಿಂದ ತಂದ ಮುರುಗಲು ಸಿಪ್ಪೆ ಇರುವ ತನಕ ಸೋಲ್ಕಡಿ ಕೂಡ. ಆಮೇಲೆ ವಾರಕ್ಕೊಂದು ದೇಶದವರು ಅಡುಗೆ ಮಾಡಲಿ ಎಂದು ಬದಲಾಯಿಸಿದೆವು. ಇದರಿಂದಾದ ಉಪಯೋಗ ದೊಡ್ಡದು. ಊಟ ಮಾಡಿ ಹೋದವನು ಮತ್ತೆ ಬರುತ್ತಾನೋ ಇಲ್ಲವೋ, ಅಡುಗೆ ಮಾಡಿ ಬಡಿಸಿದವನು ಬಂದೇ ಬರುತ್ತಾನೆ. ಇನ್ನೊಂದು ಮಾತು. ಟೇಬಲ್ ಮೇಲೆ ಎಲ್ಲರೂ ವೀಸಾ, ಪರೀಕ್ಷೆ, ಹವಾಮಾನ ಅಷ್ಟೇ ಮಾತಾಡುತ್ತಾರೆ. ಮನಸ್ಸಿನ ಮಾತು ಹೊರಬರುವುದು ಪಾತ್ರೆ ತೊಳೆಯುವಾಗ. ಕೈಗೆ ಕೆಲಸ ಇರಬೇಕು, ಮುಖ ಮುಖ ನೋಡಬಾರದು, ಆಗ ಬಾಯಿ ಬಿಡುತ್ತಾರೆ. ಡಿಶ್‌ವಾಶರ್ ಕೊಡಿಸುತ್ತೇವೆ ಎಂದು ಒಬ್ಬರು ಮುಂದೆ ಬಂದಿದ್ದರು. ಬೇಡ ಅಂದೆ.

ಊಟಕ್ಕೆ ಮೊದಲು ಪ್ರಾರ್ಥನೆ ಮಾಡಬೇಕೋ ಬೇಡವೋ ಅನ್ನುವುದರ ಮೇಲೆ ನಮ್ಮೊಳಗೇ ಜಗಳ ಆಯಿತು. ಫಾದರ್‌ಗೆ ಶಿಲುಬೆಯ ಗುರುತು ಹಾಕಿಯೇ ಶುರು ಮಾಡಬೇಕು ಅಂತ. ‘ಇದು ಚರ್ಚಿನ ಮನೆ, ಬಚ್ಚಿಡೋದು ಯಾಕೆ?’ ಅವರು ಹೇಳಿದ್ದರಲ್ಲೂ ಹುರುಳಿತ್ತು. ನನ್ನ ವಾದ ಬೇರೆ. ಹಸಿದು ಬಂದವನನ್ನು ನಮ್ಮ ಪ್ರಾರ್ಥನೆಯೊಳಗೆ ನಿಲ್ಲಿಸಿಕೊಳ್ಳುವುದು ಸರಿಯಲ್ಲ. ಕೊನೆಗೆ ಅರ್ಧ ನಿಮಿಷ ಸುಮ್ನೆ ನಿಲ್ಲುವುದು ಅಂತಾಯಿತು. ನಾವು ಶಿಲುಬೆ ಗುರುತು ಹಾಕುತ್ತಿದ್ದೆವು. ಶಿರಸಿ ಕಡೆಯ ಹವ್ಯಕ ಹುಡುಗ ಒಬ್ಬನಿದ್ದ, ಅವನು ತಟ್ಟೆಯ ಸುತ್ತ ನೀರು ಬಿಡುತ್ತಿದ್ದ. ಚೀನಾದವರು ಫೋನ್ ನೋಡುತ್ತಿದ್ದರು.

ಆ ಹುಡುಗನ ಅಪ್ಪ ಒಮ್ಮೆ ನನಗೆ ಫೋನ್ ಮಾಡಿದರು. ಅಡಿಕೆ ತೋಟದವರು, ನಿಧಾನಕ್ಕೆ ಮಾತಾಡುವವರು.

‘ತಂಗೀ, ನಮ್ಮ ಮಾಣಿ ನಿಮ್ಮ ಚರ್ಚಿಗೆ ಊಟಕ್ಕೆ ಬರ್ತಾನಂತೆ.’

‘ಹೌದು ಮಾವ, ಬುಧವಾರ ಬರ್ತಾನೆ.’

‘ಬರಲಿ. ಮತ ಗಿತ ಬದಲಾಯಿಸೋದೆಲ್ಲ ಇಲ್ಲ ಅಲ್ವಾ?’

ಇಂಥ ಪ್ರಶ್ನೆಗೆ ಸಿಟ್ಟಾಗಬಾರದು. ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ಗೊತ್ತು. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯ್ದೆ ಕೂಡ ಆಮಿಷ ಒಡ್ಡಿ ಮತಾಂತರ ಮಾಡುವುದನ್ನೇ ಹಿಡಿದು ಬಂದದ್ದು. ಆ ಕಾಯ್ದೆಯ ಬಗ್ಗೆ ನನ್ನ ತಕರಾರು ಬಹಳ ಇದೆ, ಅದು ಇಲ್ಲಿ ಬೇಡ. ಆದರೆ ಆಮಿಷ ಬೇಡ ಅನ್ನುವುದನ್ನು ಕಲಿಯಲು ನನಗೆ ಸರ್ಕಾರದ ಕಾಯ್ದೆ ಬೇಕಿರಲಿಲ್ಲ. ನಮ್ಮ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಮಿಷನ್ ಬಗ್ಗೆ 1965ರಲ್ಲಿ ಹೊರಡಿಸಿದ ದಾಖಲೆಯಲ್ಲೇ ಬಲವಂತವನ್ನೂ ಮರುಳು ಮಾಡಿ ಸೆಳೆಯುವುದನ್ನೂ ಚರ್ಚು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ ಎಂದಿದೆ.

ನಾನು ಅವರಿಗೆ ನಮ್ಮ ಪೋಸ್ಟರ್ ಹೇಗಿರುತ್ತದೆ ಎಂದು ವಿವರಿಸಿದೆ. ಬುಧವಾರದ ಪೋಸ್ಟರಿನಲ್ಲಿ ‘ಊಟ’ ಅಷ್ಟೇ. ಆ ದಿನ ಯಾರೂ ಬೈಬಲ್ ತೆಗೆಯುವುದಿಲ್ಲ, ಯಾರಿಗೂ ಕರಪತ್ರ ಕೊಡುವುದಿಲ್ಲ. ಗುರುವಾರದ್ದು ಬೇರೆ ಪೋಸ್ಟರ್. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಬೈಬಲ್ ಓದು’ ಎಂದು ಇರುತ್ತದೆ. ಅಲ್ಲಿ ಊಟ ಇಲ್ಲ, ಬಿಸ್ಕತ್ತು ಕೂಡ ಇಲ್ಲ, ನೀರು ಮಾತ್ರ. ‘ಬಿಸ್ಕತ್ತೂ ಇಲ್ವಾ?’ ಅಂತ ನಕ್ಕರು. ಮುಂದಿನ ಸಲ ಊರಿಂದ ಬಂದವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದರು. ಅವರ ಮಗ ಕೋರ್ಸ್ ಮುಗಿಯುವ ತನಕ ಬುಧವಾರಕ್ಕೆ ಬಂದ. ಗುರುವಾರಕ್ಕೆ ಒಮ್ಮೆಯೂ ಬರಲಿಲ್ಲ. ನಾನು ಕರೆಯಲೂ ಇಲ್ಲ. ಪೋಸ್ಟರ್ ಅವನ ಹಾಸ್ಟೆಲ್ ಬಾಗಿಲಲ್ಲೇ ಅಂಟಿಸಿತ್ತು.

ಎಸ್‌ಎಂಡಿಯ ಗೆಳೆಯರು ಇದನ್ನು ಒಪ್ಪುತ್ತಿರಲಿಲ್ಲ. ಊಟ ಮುಗಿದ ಮೇಲೆ ಹತ್ತು ನಿಮಿಷ ನಮ್ಮ ನಂಬಿಕೆಯ ಸಾಕ್ಷಿ ಹೇಳಿದರೆ ತಪ್ಪೇನು ಎಂದು ಕೇಳುತ್ತಿದ್ದರು. ಅವರ ಹುರುಪು ನನಗೆ ಇಷ್ಟ, ಕ್ಯಾಥೊಲಿಕರಾದ ನಮಗೆ ಅದು ಕಡಿಮೆಯೇ. ಆದರೆ ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ. ಆ ಹೊತ್ತಿನಲ್ಲಿ ಒಂಟಿಯಾಗಿರುವ ಇಪ್ಪತ್ತೆರಡರ ಹುಡುಗಿ ಬಿಸಿ ಅನ್ನ ಕೊಟ್ಟವರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾಳೆ. ಅವಳು ತಲೆ ಆಡಿಸಿದ್ದನ್ನು ನಂಬಿಕೆ ಅಂತ ಲೆಕ್ಕಕ್ಕೆ ಹಿಡಿಯುವುದು ನನಗೆ ಆಗುವುದಿಲ್ಲ.

ಹಾಗಂತ ಗುರುವಾರ ಖಾಲಿ ಇರುತ್ತಿರಲಿಲ್ಲ. ಅಲ್ಲಿ ಚಳಿಗಾಲದ ಸೆಮಿಸ್ಟರಿನ ಕ್ಲಾಸು ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ ಮೊದಲರ ತನಕ. ಅಷ್ಟು ವಾರಕ್ಕೆ ಸರಿಹೊಂದುವುದು ಮಾರ್ಕನ ಸುವಾರ್ತೆ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಮಾತು ಕಡಿಮೆ, ಓಡಾಟ ಜಾಸ್ತಿ. ಒಂದು ಸಂಜೆಗೆ ಒಂದೇ ಘಟನೆ. ಪ್ರತಿಯೊಬ್ಬರೂ ಮೊದಲು ತಮ್ಮ ಭಾಷೆಯಲ್ಲಿ ಓದಬೇಕು. ನಾನು ಕನ್ನಡದಲ್ಲಿ ಓದುತ್ತಿದ್ದೆ. ಆಮೇಲೆ ಎಲ್ಲರೂ ಸೇರಿ ಸರಳ ಇಂಗ್ಲಿಷಿನಲ್ಲಿ. ಪ್ರವಚನ ಇಲ್ಲ. ಕೇಳುವುದು ಎರಡೇ: ಇಲ್ಲಿ ಏನು ನಡೆಯಿತು, ನಿಮಗೆ ಎಲ್ಲಿ ಅಡ್ಡ ಬಂತು.

ಹುಟ್ಟಿನಿಂದ ಕ್ರೈಸ್ತರಾದ ನಮಗೆ ಅಡ್ಡ ಬರುವುದೇ ಇಲ್ಲ, ಅದೇ ತೊಂದರೆ. ಮೊದಲ ಸಲ ಓದುವವರಿಗೆ ಎಲ್ಲವೂ ಅಡ್ಡ ಬರುತ್ತದೆ. ಐದನೇ ಅಧ್ಯಾಯದಲ್ಲಿ ದೆವ್ವಗಳು ಹಂದಿ ಹಿಂಡಿನೊಳಗೆ ಹೊಕ್ಕು, ಸುಮಾರು 2,000 ಹಂದಿ ಕೆರೆಗೆ ಬಿದ್ದು ಸಾಯುವ ಕಥೆ ಇದೆ. ಚಿಕ್ಕಂದಿನಿಂದ ಕೇಳಿದ್ದೇನೆ. ಅರ್ಥಶಾಸ್ತ್ರ ಓದುತ್ತಿದ್ದ ಚೀನಾದ ಹುಡುಗ ಒಬ್ಬ ಕೇಳಿದ: ‘ಆ ಹಂದಿಗಳ ಮಾಲೀಕನಿಗೆ ನಷ್ಟ ಯಾರು ಕಟ್ಟಿಕೊಟ್ಟರು?’ ಎಲ್ಲರೂ ನಕ್ಕರು. ಆಮೇಲೆ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಆ ಸಂಜೆ ಪೂರ್ತಿ ಅದರ ಮೇಲೆಯೇ ಹೋಯಿತು. ಒಬ್ಬ ಮನುಷ್ಯ ಸರಿಹೋಗಲು ಊರು ಎಷ್ಟು ಕಳೆದುಕೊಳ್ಳಲು ತಯಾರಿದೆ ಎಂದು ನೈಜೀರಿಯಾದ ಹುಡುಗಿ ಮಾತು ತಿರುಗಿಸಿದಳು. ಕಥೆಯಲ್ಲಿ ಊರವರು ಯೇಸುವನ್ನು ದಯವಿಟ್ಟು ಇಲ್ಲಿಂದ ಹೊರಡು ಎಂದು ಬೇಡಿಕೊಳ್ಳುತ್ತಾರಲ್ಲ, ಅದು ನನಗೆ ಅವತ್ತು ಮೊದಲ ಸಲ ಕಣ್ಣಿಗೆ ಬಿತ್ತು. ಹಂದಿ ಮಾಲೀಕನ ಲೆಕ್ಕ ಮಾತ್ರ ಬಗೆಹರಿಯಲಿಲ್ಲ.

ಗುರುವಾರಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಫೋಟೊ ಇಲ್ಲ, ಹೆಸರಿನ ಪಟ್ಟಿ ಇಲ್ಲ. ಇರಾನಿನಿಂದ, ಚೀನಾದಿಂದ ಬಂದವರು ಓದು ಮುಗಿಸಿ ತಮ್ಮ ಊರಿಗೆ ಹೋಗಬೇಕು. ಇಲ್ಲಿ ಬೈಬಲ್ ಹಿಡಿದು ಕೂತ ಒಂದು ಫೋಟೊ ಅಲ್ಲಿ ಅವರ ಮನೆಯವರ ಬಾಗಿಲಿಗೆ ಹೋಗಬಹುದು. ಊರಿನ ನಮ್ಮ ಚರ್ಚಿನವರು ‘ನಮ್ಮ ಹುಡುಗಿಯ ಮಿಷನ್’ ಅಂತ ಪತ್ರಿಕೆಗೆ ಫೋಟೊ ಕೇಳಿದಾಗ ಬುಧವಾರದ ಪಾತ್ರೆಗಳ ಫೋಟೊ ಕಳಿಸಿದ್ದೆ.

ಕ್ರೈಸ್ತರಾಗಲು ದೀಕ್ಷಾಸ್ನಾನ ಬೇಕು ಎಂದು ಬಂದವರೂ ಇದ್ದರು. ಕೆಲವೇ ಜನ. ಯಾರಾದರೂ ಕೇಳಿದ ಕೂಡಲೇ ನಾನು ಫಾದರ್ ಹತ್ತಿರ ಕಳಿಸುತ್ತಿದ್ದೆ. ಅವರು ಅವಸರ ಮಾಡುತ್ತಿರಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷದ ತಯಾರಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುರುವಿನಲ್ಲಿ ಧರ್ಮಾಧ್ಯಕ್ಷರ (ಬಿಷಪ್) ಮುಂದೆ ನಿಲ್ಲಬೇಕು, ಟ್ಯೂಬಿಂಗನ್ ಪಕ್ಕದ ರೊಟೆನ್‌ಬರ್ಗ್‌ನಲ್ಲೇ ಅವರ ಪೀಠ. ಆಮೇಲೆ ಪಾಸ್ಖ, ಅಂದರೆ ಈಸ್ಟರ್ ಜಾಗರಣೆಯ ರಾತ್ರಿ ದೀಕ್ಷಾಸ್ನಾನ. ಫಾದರ್ ಕೇಳುವ ಪ್ರಶ್ನೆಗಳು ಗಟ್ಟಿಯಾಗಿರುತ್ತಿದ್ದವು. ಮನೆಯಲ್ಲಿ ಹೇಳಿದ್ದೀಯಾ? ಊರಿಗೆ ಹೋದರೆ ಏನಾಗುತ್ತದೆ? ವೀಸಾ ಅರ್ಜಿಗೆ ಈ ಕಾಗದ ಬೇಕಾ? ಕೊನೆಯ ಪ್ರಶ್ನೆ ಕೇಳಿದ ಮೇಲೆ ಒಬ್ಬರಿಬ್ಬರು ಬರುವುದು ನಿಲ್ಲಿಸಿದರು. ಅವರು ಬುಧವಾರಕ್ಕೆ ಮಾತ್ರ ಬರುತ್ತಲೇ ಇದ್ದರು, ಅನ್ನ ಹಾಕುತ್ತಲೇ ಇದ್ದೆವು.

ಈ ಕೆಲಸದಲ್ಲಿ ನಿಜವಾಗಿ ಸುಸ್ತಾಗುವುದು ಜನ ಹೋಗುತ್ತಲೇ ಇರುವುದರಿಂದ. ಎರಡು ವರ್ಷಕ್ಕೆ ಮಾಸ್ಟರ್ಸ್ ಮುಗಿಯುತ್ತದೆ. ಚೆನ್ನಾಗಿ ಅಡುಗೆ ಕಲಿತ ಗುಂಪು ಬರ್ಲಿನ್‌ಗೋ ಮ್ಯೂನಿಕ್‌ಗೋ ಕೆಲಸಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಜುಲೈನಲ್ಲೇ ಮುಂದಿನ ವರ್ಷದವರಿಗೆ ಬೀಗದ ಕೈ ಕೊಡುವುದು ರೂಢಿ ಮಾಡಿದೆವು. ಹೋಗುವವರು ಹೋಗುವ ಮುಂಚೆ ಒಬ್ಬರಿಗಾದರೂ ಕಾಗದ ಓದುವುದನ್ನು ಕಲಿಸಬೇಕು. ನಾನೂ ಹಾಗೇ ಕೊಟ್ಟು ಬಂದೆ.

ಈಗ ಕಾರವಾರದಲ್ಲೇ ಇದ್ದು ಮನೆಯಿಂದ ಕೆಲಸ ಮಾಡುತ್ತೇನೆ. ಆಗಸ್ಟ್ ಬಂದರೆ ಜರ್ಮನಿಗೆ ಹೊರಟ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಸುಂಕೇರಿಯವರು, ಅಂಕೋಲೆಯವರು, ಕೈಗಾ ಟೌನ್‌ಶಿಪ್‌ನವರು. ಕ್ರೈಸ್ತರೇ ಆಗಬೇಕಂತಿಲ್ಲ. ವೀಸಾಕ್ಕೆ ಖರ್ಚಿನ ದುಡ್ಡು ತೋರಿಸುವ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೊ ಇಡಬೇಕು, ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವಾದರೆ ಸೆಮಿಸ್ಟರಿಗೆ 1,500 ಯೂರೊ ಫೀಸು ಬೇರೆ. ಇದೆಲ್ಲ ಅವರಿಗೆ ಏಜೆಂಟರು ಹೇಳಿರುತ್ತಾರೆ. ನಮ್ಮ ಚರ್ಚಿನ ಮಕ್ಕಳಿಗೆ ಏಜೆಂಟರು ಹೇಳದ ಒಂದು ವಿಷಯ ನಾನು ಹೇಳುತ್ತೇನೆ. ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಎಂದು ಕೇಳುತ್ತಾರೆ. ಕ್ಯಾಥೊಲಿಕ್ ಎಂದು ಬರೆದರೆ, ಮುಂದೆ ಕೆಲಸ ಸಿಕ್ಕಿ ಆದಾಯ ತೆರಿಗೆ ಶುರುವಾದ ಮೇಲೆ ಆ ರಾಜ್ಯದಲ್ಲಾದರೆ ಆ ತೆರಿಗೆಯ ಶೇಕಡಾ 8ರಷ್ಟು ಚರ್ಚು ತೆರಿಗೆಯೂ ಹೋಗುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಶೇಕಡಾ 9. ವಿದ್ಯಾರ್ಥಿಯಾಗಿದ್ದು ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ಏನೂ ಇಲ್ಲ. ಇದನ್ನು ಕೇಳಿ ಒಬ್ಬ ತಾಯಿ ‘ಹಾಗಾದ್ರೆ ಏನೂ ಬರೀಬೇಡ ಮಗಾ’ ಅಂದರು. ಬರೆಯಲೇಬೇಕು ಅಂತ ನಾನಂದೆ. ಆ ದುಡ್ಡಿನಲ್ಲೇ ನಮ್ಮ ಅಡುಗೆಮನೆಯ ಕರೆಂಟು ಬಿಲ್ಲು ಹೋಗುತ್ತಿದ್ದದ್ದು.

ಇನ್ನೊಂದನ್ನೂ ಹೇಳುತ್ತೇನೆ. ನಮ್ಮ ಮಕ್ಕಳು ಅಲ್ಲಿ ಹೋಗಿ ಕೊಂಕಣಿಯವರ ವಾಟ್ಸಾಪ್ ಗುಂಪು ಸೇರಿ ಅದರೊಳಗೇ ಉಳಿದುಬಿಡುತ್ತಾರೆ. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ, ಚರ್ಚಿನ ಹಬ್ಬಕ್ಕೆ ಹಾಡು, ಮುಗಿಯಿತು. ಹೋದ ಮೊದಲ ತಿಂಗಳಲ್ಲೇ ವಿದ್ಯಾರ್ಥಿ ಸಮುದಾಯದ ಬಾಗಿಲು ತಟ್ಟಿ, ನಿಮ್ಮ ದೇಶದವರಲ್ಲದ ಒಬ್ಬರ ಜೊತೆ ಅಡುಗೆ ಮಾಡಿ ಎನ್ನುತ್ತೇನೆ. ಮಾಡುವವರು ಕಡಿಮೆ.

ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಕಲಬುರಗಿ, ರಾಯಚೂರು ಕಡೆಯ ಮಕ್ಕಳೂ ಇದ್ದಾರೆ. ಮಳೆಗಾಲದ ಜುಲೈನಲ್ಲಿ ಅವರ ಮುಖ ನೋಡಿದರೆ ನನಗೆ ಟ್ಯೂಬಿಂಗನ್‌ನ ನವೆಂಬರ್ ನೆನಪಾಗುತ್ತದೆ. ಬುಧವಾರದ ಊಟ ಇಲ್ಲೂ ಮಾಡೋಣ ಎಂದು ಯುವಜನರ ಸಭೆಯಲ್ಲಿ ಹೇಳಿದೆ. ಚರ್ಚಿನ ಹಾಲ್‌ನಲ್ಲಿ ಮಾಡಿದರೆ ಊರಲ್ಲಿ ಮಾತು ಬರುತ್ತದೆ ಎಂದು ಹಿರಿಯರೊಬ್ಬರು ತಡೆದರು. ಸರಿ, ನಮ್ಮ ಮನೆಯ ಜಗಲಿಯಲ್ಲೇ ಮಾಡುತ್ತಿದ್ದೇವೆ. ಜೋಳದ ರೊಟ್ಟಿ ತಟ್ಟುವುದನ್ನು ರಾಯಚೂರಿನ ಹುಡುಗಿ ನಮ್ಮಮ್ಮನಿಗೆ ಕಲಿಸುತ್ತಿದ್ದಾಳೆ. ಅಮ್ಮ ಬಂಗಡೆ ಹುಳಿ ಮಾಡುತ್ತಾರೆ. ಗುರುವಾರದ ಪೋಸ್ಟರ್ ಮಾತ್ರ ಇಲ್ಲಿ ಇನ್ನೂ ಬರೆದಿಲ್ಲ.