ಮಲೆನಾಡ ಮಳೆ ಮತ್ತು ನನ್ನ ಹಳೇ ಆಲ್ಟೊ

ನನ್ನ ಆಲ್ಟೊ 2007ರದ್ದು, 796 ಸಿಸಿ. 2011ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಮನೆ ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ಪಕ್ಕ. ಮೀಟರ್ ಈಗ 1,68,000 ಕಿ.ಮೀ. ತೋರಿಸುತ್ತಿದೆ. 2022ಕ್ಕೆ ಹದಿನೈದು ವರ್ಷ ತುಂಬಿತು. ಆರ್‌ಟಿಒಗೆ ಒಯ್ದು ತೋರಿಸಿ ಆರ್‌ಸಿಯನ್ನು ಮತ್ತೆ ಐದು ವರ್ಷಕ್ಕೆ ಮಾಡಿಸಿಕೊಂಡು ಬಂದೆ. ನಮ್ಮ ಕಡೆ ಕಾರು ಓಡಿ ಸವೆಯುವುದಕ್ಕಿಂತ ನೀರಿಗೆ ಹಾಳಾಗುವುದೇ ಜಾಸ್ತಿ. ಅದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ.

2013ರಲ್ಲಿ ಉಡುಪಿಯಿಂದ ವಾಪಸ್ ಬರುತ್ತಿದ್ದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ದಾಟಿರಬೇಕು, ಟೆಂಪರೇಚರ್ ಮುಳ್ಳು ಮೇಲೇರಿತು. ಎಸಿ ಬಂದ್ ಮಾಡಿ, ಸೆಕೆಯಲ್ಲೇ ಹೀಟರ್ ಪೂರ್ತಿ ಹಾಕಿದೆ. ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ, ಮುಳ್ಳು ಇಳಿಯುತ್ತದೆ. ಹಾಗೇ ಮೆಲ್ಲಗೆ ಜಾಗ ಸಿಕ್ಕಲ್ಲಿ ನಿಲ್ಲಿಸಿದೆ. ರೇಡಿಯೇಟರ್ ಮುಚ್ಚಳ ತೆಗೆಯಲಿಲ್ಲ. ಬಿಸಿಯಲ್ಲಿ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಮಂಗಗಳ ಜೊತೆ ಕೂತೆ.

ಊರಿಗೆ ಬಂದು ಗ್ಯಾರೇಜಿನಲ್ಲಿ ನೀರು ಇಳಿಸಿದರು. "ಸಾರ್, ಇದು ನೀರಲ್ಲ, ಕಷಾಯ" ಅಂದರು ಮೇಸ್ತ್ರಿ. ಹಿಂದಿನ ಮಾಲೀಕರು ನಲ್ಲಿ ನೀರು ಹಾಕಿದ್ದರು. ಕಡಿಮೆಯಾದಾಗಲೆಲ್ಲ ನಾನು ಬಾವಿ ನೀರು ಸುರಿದಿದ್ದೆ. ಒಳಗೆಲ್ಲ ತುಕ್ಕು ಕಟ್ಟಿ ರೇಡಿಯೇಟರ್ ಅರ್ಧ ಮುಚ್ಚಿಹೋಗಿತ್ತು. ಎಂಜಿನ್ ಹದಕ್ಕೆ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದೆ ತಡೆಯುವ ಥರ್ಮೋಸ್ಟಾಟನ್ನೂ ಯಾರೋ ಹಿಂದೆಯೇ ಕಿತ್ತು ಬಿಸಾಡಿದ್ದರು. ಅದನ್ನು ತೆಗೆದರೆ ಎಂಜಿನ್ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಇನ್ನೂ ಇದೆ. ಆದರೆ ಅದಿಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಬೇಕು, ಪೆಟ್ರೋಲ್ ಸುಮ್ನೆ ಸುಡುತ್ತದೆ. ರೇಡಿಯೇಟರ್, ಥರ್ಮೋಸ್ಟಾಟ್ ಎರಡೂ ಹೊಸದು ಹಾಕಿಸಿದೆ. ಅಂದಿನಿಂದ ತುಕ್ಕು ತಡೆಯುವ ಕೂಲಂಟ್ ದ್ರವ ಬಿಟ್ಟು ಬೇರೇನೂ ಹಾಕಿಲ್ಲ. ಎರಡು ವರ್ಷಕ್ಕೊಮ್ಮೆ ಬದಲು. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಗೆರೆ ನೋಡುತ್ತೇನೆ. ಕಾಫಿ ಕುಡಿಯುವ ಮೊದಲೇ ಮುಗಿಯುತ್ತದೆ.

ತುಕ್ಕು ಹೊರಗಿನಿಂದ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಒಳಗಿನಿಂದ. ಮಳೆಗಾಲವಿಡೀ ಒದ್ದೆ ಚಪ್ಪಲಿ, ಸೀಟಿನ ಹಿಂದೆ ನೀರು ತೊಟ್ಟಿಕ್ಕುವ ಕೊಡೆ. ಮ್ಯಾಟ್ ಕೆಳಗೆ ನೀರು ಹಾಗೇ ನಿಂತು, ಡ್ರೈವರ್ ಕಾಲ ಬುಡದ ತಗಡು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ವೆಲ್ಡಿಂಗ್ ಮಾಡಿಸಬೇಕಾಯಿತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಮ್ಯಾಟ್ ಎತ್ತಿ ಜಗಲಿಯಲ್ಲಿ ಹರಡುತ್ತೇನೆ. ಕೆಳಗೆ ಹಳೇ ಪೇಪರ್ ಹಾಸುತ್ತೇನೆ.

ಬಾಗಿಲುಗಳ ತಳದಲ್ಲಿ ಸಣ್ಣ ತೂತುಗಳಿವೆ, ನೋಡಿದ್ದೀರಾ? ಗಾಜಿನ ಪಕ್ಕದಿಂದ ಇಳಿದ ನೀರು ಅಲ್ಲಿಂದ ಹೊರಗೆ ಹೋಗಬೇಕು. ಕೆಮ್ಮಣ್ಣು ಕಟ್ಟಿಕೊಂಡರೆ ಬಾಗಿಲೇ ತೊಟ್ಟಿ. ಹಳೇ ಸೈಕಲ್ ಕಡ್ಡಿಯಿಂದ ಚುಚ್ಚಿ ಬಿಡಿಸುತ್ತೇನೆ. ವೈಪರ್ ಬುಡದ ಜಾಲರಿಯಲ್ಲಿ ಸೇರುವ ತರಗೆಲೆಯನ್ನೂ ತೆಗೆಯಬೇಕು. ಚಕ್ರದ ಮೇಲಿನ ಗೂಡಿಗೆ ಪೈಪು ಹಿಡಿದು ಮಣ್ಣು ಇಳಿಸುವುದು, ಬಾಡಿ ಪಾಲಿಶ್‌ಗಿಂತ ಹತ್ತು ಪಾಲು ಮುಖ್ಯ. ಕಾರಿನ ತಳಕ್ಕೆ ತುಕ್ಕು ನಿರೋಧಕ ಬಳಿಸುವುದಾದರೆ ಮೇ ತಿಂಗಳಲ್ಲಿ, ಚೆನ್ನಾಗಿ ಒಣಗಿದ ಮೇಲೆ. ಹಸಿ ಇರುವಾಗ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಆಯಿಲ್ ಘಾಟಿ ಇಳಿಯುವಾಗ ಕುದ್ದರೆ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೆ ಬದಲಿಸುತ್ತೇನೆ. ಇಳಿಯುವಾಗ ಸೆಕೆಂಡ್ ಗೇರ್, ಬ್ರೇಕ್ ಆಗಾಗ ಮಾತ್ರ. ಮಳೆಯಲ್ಲಿ ನಾಲ್ಕು ದಿನ ಕಾರು ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಹಿಂದಿನ ಚಕ್ರದ ಬ್ರೇಕ್ ಡ್ರಮ್‌ಗೆ ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಟ್ಟರೆ ಆಯಿತು.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ ಆಯಿಲ್, ಫಿಲ್ಟರ್ 10,000 ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ನನಗೆ ಯಾವಾಗಲೂ ವರ್ಷವೇ ಮೊದಲು. ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಲಕ್ಷ ಕಿ.ಮೀ. ಆದಾಗ ಬದಲಿಸಿದೆ. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ.

ಇಲಿ ಮಾತ್ರ ಇನ್ನೂ ಬಗ್ಗಿಲ್ಲ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದೆ, ತಿಂಗಳು ಸುಮ್ಮನಿದ್ದವು. ಈಗ ಕಾರನ್ನು ಹಿಂಡಿ ಮೂಟೆಗಳಿಂದ ದೂರ ನಿಲ್ಲಿಸಿ, ರಾತ್ರಿ ಬಾನೆಟ್ ತೆರೆದೇ ಇಡುತ್ತೇನೆ. ಮುಚ್ಚಿದ ಮೂಲೆ ಇಲ್ಲದ ಕಡೆ ಅವು ಗೂಡು ಕಟ್ಟುವುದು ಕಡಿಮೆ. ಆದರೂ ಮೊನ್ನೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಹಿಡಿ ಅಡಿಕೆ ಸಿಪ್ಪೆ!